ಗೋಡೆಯ ಮೊಳೆಯೂ ವಿಠಲಣ್ಣನ ಮೊಣಕಾಲೂ

ಐಸ್ ಎಂಬ ಪದಾರ್ಥ ಈ ಭೂಮಿಯ ಮೇಲೆ ಯಾರನ್ನು ಬೇಕಾದರೂ ಜಾರಿಸಿ ಬೀಳಿಸಲಿ, ತನ್ನನ್ನು ಮಾತ್ರ ಬೀಳಿಸಲಾರದು ಎಂದು ಕಾಪುವಿನ ವಿಠಲಣ್ಣ ಜುಲೈ ತಿಂಗಳ ಒಂದು ಭಾನುವಾರ ಘೋಷಿಸಿದರು. ಘೋಷಣೆಯ ಸ್ಥಳ ಕಾರ್ಕಳದ ಪಕ್ಕದ ಕುಕ್ಕುಂದೂರು, ಹೆಂಡತಿಯ ಅಣ್ಣ ಧರ್ಮಪಾಲರ ಮನೆಯ ಊಟದ ಮೇಜು. ಎದುರಿಗೆ ಕೋರಿರೊಟ್ಟಿ ಇತ್ತು. ಅದಕ್ಕಿಂತ ಎದುರಿಗೆ, ಗೋಡೆಯ ಮೇಲೆ, ಆ ಫೋಟೋ ಇತ್ತು.

ಆ ಫೋಟೋದ ಬಗ್ಗೆ ಎರಡು ಮಾತು ಹೇಳಲೇಬೇಕು. ಧರ್ಮಪಾಲರು ಟೈಲ್ಸ್ ಅಂಗಡಿಯ ಮಾಲೀಕರು. ಏಳು ವರ್ಷದ ಹಿಂದೆ ಮನಾಲಿಗೆ ಹೋಗಿ ಬಂದವರು. ಕೇಸರಿ ಬಣ್ಣದ ದಪ್ಪ ಅಂಗಿ, ಕಪ್ಪು ಕನ್ನಡಕ, ಎರಡು ಕೈಯಲ್ಲಿ ಎರಡು ಕೋಲು, ಕಾಲಿಗೆ ಉದ್ದುದ್ದ ಹಲಗೆ, ಸುತ್ತ ಬೆಳ್ಳಗೆ ಹಿಮ. ಕ್ಯಾಲೆಂಡರಿನ ಎರಡರಷ್ಟು ಗಾತ್ರದ ಈ ಫೋಟೋ ನೋಡಿ, "ಓ, ಸ್ಕೀಯಿಂಗ್ ಮಾಡಿದ್ರಾ?" ಎಂದು ಕೇಳದವರಿಗೆ ಆ ಮನೆಯಲ್ಲಿ ಚಹಾ ಬರುವುದು ತಡವಾಗುತ್ತಿತ್ತು. ವಿಠಲಣ್ಣ ಏಳು ವರ್ಷ ಆ ಫೋಟೋವನ್ನು ನೋಡಿಯೂ ನೋಡದಂತೆ ಚಹಾ ಕುಡಿದಿದ್ದರು. ಆ ಭಾನುವಾರ ತಾಳ್ಮೆ ಮುಗಿಯಿತು.

"ಮೂವತ್ತು ವರ್ಷದಿಂದ ಐಸ್ ಪ್ಲಾಂಟ್ ನಡೆಸುವವ ನಾನು ಭಾವ," ಎಂದರು. "ಗಡ್ಡೆಗಳ ನಡುವೆ ಹವಾಯಿ ಚಪ್ಪಲಿಯಲ್ಲಿ ಓಡಾಡಿದವ. ಒಂದು ಸಲ ಆದ್ರೂ ಬಿದ್ದದ್ದುಂಟಾ? ನಿಮ್ಮ ತಂಗಿಯನ್ನೇ ಕೇಳಿ."

ಧರ್ಮಪಾಲರು ರೊಟ್ಟಿ ಮುರಿಯುತ್ತ ನಿಧಾನವಾಗಿ ಹೇಳಿದರು, "ಅದು ಮೀನಿಗೆ ಹಾಕುವ ಐಸ್ ಭಾವ. ಮನಾಲಿಯದ್ದು ಬೇರೆ."

ಮೀನಿಗೆ ಹಾಕುವ ಐಸ್! ಮಲ್ಪೆಯಿಂದ ಕಾಪುವರೆಗೆ ಎಷ್ಟೋ ಬೋಟುಗಳ ಹೊಟ್ಟೆಯನ್ನು ತಣ್ಣಗಿಟ್ಟ ಮನುಷ್ಯನಿಗೆ ಈ ಮಾತು. ವಿಠಲಣ್ಣನ ಪಿತ್ತ ನೆತ್ತಿಗೇರಿತು. ಬರುವ ಫೆಬ್ರವರಿಯಲ್ಲಿ ಎಲ್ಲರೂ ಸೇರಿ ಮನಾಲಿಗೆ ಹೋಗುವುದೆಂದೂ, ತಾನು ಅದೇ ಗುಡ್ಡವನ್ನು ಕೋಲಿಲ್ಲದೆ ಇಳಿಯುವುದೆಂದೂ, ಅದರ ಫೋಟೋ ಇದಕ್ಕಿಂತ ಒಂದು ಗೇಣು ದೊಡ್ಡದಾಗಿರುವುದೆಂದೂ ಅಲ್ಲಿಯೇ ನಿರ್ಣಯವಾಯಿತು. ಮಂಡಿಸಿದವರೂ ಅನುಮೋದಿಸಿದವರೂ ವಿಠಲಣ್ಣನೇ.

ಸಂಜೆ ಮನೆಗೆ ಬಂದವರು ಅಂಗಿಯನ್ನೂ ಬದಲಿಸದೆ ಸುತ್ತಿಗೆ ಹಿಡಿದು ಹಾಲಿನ ನಟ್ಟನಡುವಿನ ಗೋಡೆಗೆ ಒಂದು ಮೊಳೆ ಹೊಡೆದರು.

"ಎಂತಕ್ಕೆ ಮೊಳೆ?" ಹೆಂಡತಿ ಚಂಪಕ್ಕ ಅಡುಗೆಮನೆಯಿಂದ ಕೇಳಿದರು.

"ನನ್ನ ಫೋಟೋಗೆ."

"ಈಗಲೇ ಎಂತ ಅವಸರ? ಇನ್ನೂ ಬದುಕಿದ್ದೀರಲ್ಲ."

ಹೆಂಡತಿಯೆಂದರೆ ಹೀಗೆ. ಗಂಡ ಗುಡ್ಡ ಇಳಿಯುವ ಮೊದಲೇ ಹಾರ ಹಾಕಿ ಮುಗಿಸಿಬಿಡುತ್ತಾಳೆ. ವಿಠಲಣ್ಣ ಮೊಳೆಗೆ ಇನ್ನೊಂದು ಪೆಟ್ಟು ಹಾಕಿದರು.

ಗುಡ್ಡ ಇಳಿಯಬೇಕಾದರೆ ಕಾಲು ಗಟ್ಟಿಯಾಗಬೇಕು. ಐವತ್ತನಾಲ್ಕರ ಕಾಲನ್ನು ಗಟ್ಟಿ ಮಾಡಲು ವಿಠಲಣ್ಣ ಹುಡುಕಿದ ತರಬೇತಿ ಶಾಲೆ ಎಂದರೆ ಮಳೆಗಾಲದ ಆಟಿ ತಿಂಗಳಲ್ಲಿ ಊರಿನ ಯುವಕ ಮಂಡಲ ನಡೆಸುವ ಕೆಸರುಗದ್ದೆ ಕ್ರೀಡಾಕೂಟ. ಕೆಸರಿನಲ್ಲಿ ಸಮತೋಲನ ಸಿಕ್ಕಿದರೆ ಹಿಮದಲ್ಲಿ ತಾನಾಗಿ ಸಿಗುತ್ತದೆ ಎಂಬುದು ಅವರ ವಾದ. ಹಗ್ಗಜಗ್ಗಾಟಕ್ಕೆ ಹೆಸರು ಕೊಡಲು ಹೋದರು. ಅಲ್ಲಿನ ಹುಡುಗರು ಅವರ ಹೊಟ್ಟೆಯನ್ನೂ ತಲೆಯನ್ನೂ ಒಮ್ಮೆ ನೋಡಿ, "ಅಣ್ಣ, ನಿಮಗೆ ಐವತ್ತು ದಾಟಿದವರ ಲಿಂಬೆ ಚಮಚ ಓಟ ಉಂಟು," ಎಂದು ಮರ್ಯಾದೆಯಿಂದ ಚಮಚ ಕೊಟ್ಟರು. ಬಾಯಲ್ಲಿ ಚಮಚ, ಚಮಚದಲ್ಲಿ ಲಿಂಬೆ, ಮೊಣಕಾಲು ಮಟ್ಟದ ಕೆಸರು. ಮೂರನೆಯ ಹೆಜ್ಜೆಗೆ ಪಾದ ಹೂತು ಅಲ್ಲೇ ನಿಂತಿತು, ವಿಠಲಣ್ಣ ಮುಂದೆ ಹೋದರು. ನಡುವೆ ಇದ್ದದ್ದು ಬಲಮೊಣಕಾಲು. ಅದು ಟಕ್ ಎಂದಿತು. ಲಿಂಬೆ ಮಾತ್ರ ಚಮಚದಿಂದ ಬೀಳಲಿಲ್ಲ ಎಂಬುದನ್ನು ಅವರು ಇವತ್ತಿಗೂ ಹೇಳುತ್ತಾರೆ.

ಮಣಿಪಾಲದ ಡಾಕ್ಟರು ಸ್ಕ್ಯಾನ್ ನೋಡಿ, ಎರಡು ಎಲುಬಿನ ನಡುವಿನ ಮೆತ್ತೆ ಹರಿದಿದೆ, ಆಪರೇಷನ್ ಮಾಡಿ ಹೊಲಿಯಬೇಕು ಎಂದರು. "ಹೇಗಾಯ್ತು?" ಎಂದು ಕೇಳಿದರು.

"ಹಗ್ಗಜಗ್ಗಾಟದಲ್ಲಿ," ಎಂದರು ವಿಠಲಣ್ಣ.

"ಲಿಂಬೆ," ಎಂದರು ಚಂಪಕ್ಕ.

ಆಪರೇಷನ್ ಚೆನ್ನಾಗಿಯೇ ಆಯಿತು. ಅದರ ನಂತರ ಆದದ್ದೇ ವಿಠಲಣ್ಣನಿಗೆ ತಡೆಯದಾದದ್ದು. ಅವರನ್ನು ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿದ್ದವಳು ಶಿರ್ವದ ಶಾರ್ಲೆಟ್, ಇಪ್ಪತ್ತೈದು ಇಪ್ಪತ್ತಾರರ ಹುಡುಗಿ. ಮೊದಲ ಮಾತೇ "ಬನ್ನಿ ಅಂಕಲ್". ಎರಡನೆಯ ಮಾತು "ನಿಧಾನ ಅಂಕಲ್". ಫೆಬ್ರವರಿಯಲ್ಲಿ ತಾನು ಮನಾಲಿಯಲ್ಲಿ ಸ್ಕೀಯಿಂಗ್ ಮಾಡಬೇಕಾಗಿದೆ ಎಂದು ಇವರು ಗಂಭೀರವಾಗಿ ತಿಳಿಸಿದಾಗ ಅವಳು ನಗಲಿಲ್ಲ. ನಕ್ಕಿದ್ದರೆ ಸಿಟ್ಟು ಮಾಡಬಹುದಿತ್ತು, ಅದಕ್ಕೂ ಅವಕಾಶ ಕೊಡಲಿಲ್ಲ.

"ಆರು ತಿಂಗಳು ಉಂಟು ಅಂಕಲ್. ಕೊಟ್ಟ ವ್ಯಾಯಾಮ ಸರಿಯಾಗಿ ಮಾಡಿದ್ರೆ ಆಗ್ಬಹುದು. ಜನವರಿ ಕೊನೆಗೆ ಒಂದು ಪರೀಕ್ಷೆ ಮಾಡ್ತೇನೆ. ಕುರ್ಚಿಯಿಂದ ಬಲಗಾಲೊಂದರಲ್ಲೇ ಹತ್ತು ಸಲ ಎದ್ದು ಕೂತು ತೋರಿಸ್ಬೇಕು. ಆಯ್ತು ಅಂದ್ರೆ ಡಾಕ್ಟರ್ ಸಣ್ಣ ಇಳಿಜಾರಿಗೆ ಬಿಡ್ತಾರೆ. ಆಗದಿದ್ರೆ ಇಲ್ಲ."

"ಹತ್ತೇ ಸಲವಾ?" ಎಂದು ವಿಠಲಣ್ಣ ತುಟಿ ಕೊಂಕಿಸಿದರು.

ಅವಳು ಒಂದು ಚೀಟಿ ಬರೆದುಕೊಟ್ಟಳು. ಮಲಗಿ ಕಾಲೆತ್ತುವುದು ಮೂವತ್ತು ಸಲ, ದಿನಕ್ಕೆ ಮೂರು ಹೊತ್ತು. ಕೊನೆಯಲ್ಲಿ, ಐಸ್ ಹದಿನೈದು ನಿಮಿಷ. ಜತೆಗೆ ನೀಲಿ ಬಣ್ಣದ ಒಂದು ಸಣ್ಣ ಪೊಟ್ಟಣ. ಇದನ್ನು ಫ್ರಿಜ್ಜಿನಲ್ಲಿಟ್ಟು, ಬಟ್ಟೆ ಸುತ್ತಿ, ಮೊಣಕಾಲಿಗೆ ಇಡಬೇಕಂತೆ.

ವಿಠಲಣ್ಣನಿಗೆ ಐಸ್ ಇಡುವುದು ಹೇಗೆಂದು ಹೇಳಿಕೊಡುವವರು ಹುಟ್ಟಿದರು! ಕಾರಿನಲ್ಲಿ ಉದ್ಯಾವರ ದಾಟುವವರೆಗೂ ಅವರು ಆ ನೀಲಿ ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತಿದ್ದರು. "ಪೆಪ್ಸಿ ಕ್ಯಾಂಡಿ ಕೊಟ್ಟ ಹಾಗೆ ಕೊಟ್ಟಿದ್ದಾಳೆ. ನಾನು ಯಾರು ಅಂತ ಗೊತ್ತುಂಟಾ ಅವಳಿಗೆ?"

"ಮೊಣಕಾಲು ಹರಿದುಕೊಂಡವರು ಅಂತ ಗೊತ್ತುಂಟು," ಎಂದರು ಚಂಪಕ್ಕ.

ಹೊಲಿಗೆ ಒಣಗಿದ ಮರುದಿನವೇ ಪ್ಲಾಂಟಿನ ಮೇಸ್ತ್ರಿ ಚಂದುವಿಗೆ ಫೋನ್ ಹೋಯಿತು. ಒಂದು ಇಡೀ ಗಡ್ಡೆ ಪುಡಿಯಾಗಿ, ಮೀನು ತುಂಬುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮನೆಯ ಚಾವಡಿಗೆ ಬಂದು ಇಳಿಯಿತು. ವಿಠಲಣ್ಣ ಕುರ್ಚಿಯಲ್ಲಿ ಕುಳಿತು ಬಲಗಾಲನ್ನು ತೊಡೆಯವರೆಗೆ ಅದರೊಳಗೆ ಇಳಿಸಿ, ಮೇಲಿಂದ ಇನ್ನೆರಡು ಸಲಿಕೆ ಹಾಕಿಸಿಕೊಂಡರು. ಕಾಲು ಐದು ನಿಮಿಷ ಉರಿಯಿತು, ಆಮೇಲೆ ಇದೆಯೋ ಇಲ್ಲವೋ ತಿಳಿಯದಾಯಿತು. ನೋವೇ ಇಲ್ಲ! ಈ ಸುಖದಲ್ಲಿ ಅವರಿಗೆ ಕಣ್ಣು ಹತ್ತಿತು.

ಎಚ್ಚರವಾದಾಗ ಮುಕ್ಕಾಲು ಗಂಟೆ ಆಗಿತ್ತು, ಸುತ್ತ ಏಳು ಬೆಕ್ಕುಗಳು ಕುಳಿತಿದ್ದವು. ಆ ಪೆಟ್ಟಿಗೆ ಹಿಂದಿನ ದಿನದವರೆಗೂ ಬಂಗುಡೆ ಹೊತ್ತದ್ದು. ಬೆಕ್ಕುಗಳ ಲೆಕ್ಕದಲ್ಲಿ ಐಸಿನಡಿ ಇರುವುದು ಮೀನೇ ಆಗಿರಬೇಕು. ಧೈರ್ಯಸ್ಥ ಬೆಕ್ಕೊಂದು ಪುಡಿಯನ್ನು ಕೆದಕಿ ಹೆಬ್ಬೆರಳಿನ ರುಚಿ ನೋಡುತ್ತಿತ್ತು. ಹೆಬ್ಬೆರಳಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ಕಾಲು ಹೊರಗೆ ಬಂದಾಗ ಕೆಂಪು ಬೊಬ್ಬೆ ಎದ್ದಿತ್ತು. ಶಾರ್ಲೆಟ್ ಬಗ್ಗಿ ನೋಡಿದಳು.

"ಹದಿನೈದು ನಿಮಿಷ ಅಂತ ಬರೆದಿದ್ದೆ ಅಂಕಲ್."

"ಅದು ಫ್ರಿಜ್ಜಿನ ಐಸಿಗೆ. ನಮ್ಮದು ಕಾರ್ಖಾನೆಯದ್ದು."

"ಕಾಲು ಮನುಷ್ಯನದ್ದೇ ಅಲ್ವಾ?"

ಬೊಬ್ಬೆ ಮಾಗುವವರೆಗೆ ಹನ್ನೆರಡು ದಿನ ವ್ಯಾಯಾಮ ನಿಂತಿತು. ಸಂಬಂಧಿಕರೆಲ್ಲ ಬ್ರೆಡ್ಡು, ಮುಸುಂಬಿ ಹಿಡಿದು ನೋಡಲು ಬಂದರು. ಬಂದವರು ಮೊದಲು ಗೋಡೆಯ ಖಾಲಿ ಮೊಳೆಯನ್ನು ನೋಡಿ, ಆಮೇಲೆ ವಿಠಲಣ್ಣನ ಕಾಲನ್ನು ನೋಡಿ, ಆಮೇಲೆ "ಈ ವರ್ಷ ಅಲ್ಲದಿದ್ರೆ ಬರುವ ವರ್ಷ" ಎಂದು ಸಮಾಧಾನ ಹೇಳಿ, ಕೊಟ್ಟ ಚಹಾ ಕುಡಿದು ಹೋದರು. ಧರ್ಮಪಾಲರು ಬಂದು, "ಟಿಕೆಟ್ ಕ್ಯಾನ್ಸಲ್ ಮಾಡುವುದಾ ಭಾವ?" ಎಂದು ಮೃದುವಾಗಿ ಕೇಳಿದರು. ಅವರ ಮೃದುತ್ವಕ್ಕೆ ವಿಠಲಣ್ಣನ ಮೈಯೆಲ್ಲ ಉರಿದುಹೋಯಿತು. ವ್ಯಾಯಾಮದ ಚೀಟಿಯನ್ನು ಅದೇ ಮೊಳೆಗೆ ಸಿಕ್ಕಿಸಿ, "ಫೆಬ್ರವರಿಯಲ್ಲಿ ಈ ಚೀಟಿ ಇಳಿಯುತ್ತದೆ, ಫೋಟೋ ಏರುತ್ತದೆ," ಎಂದು ಮತ್ತೊಮ್ಮೆ ಘೋಷಿಸಿದರು.

ಇಲ್ಲಿಂದ ಚಂಪಕ್ಕ ರಂಗಕ್ಕೆ ಇಳಿದರು. "ನೀವೊಬ್ಬರೇ ಮಾಡುವಾಗ ಉದಾಸೀನ ಆಗ್ತದೆ. ನಾನೂ ಪಕ್ಕದಲ್ಲಿ ಮಾಡ್ತೇನೆ," ಎಂದು ಚಾಪೆ ಹಾಸಿದರು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎರಡು ಚಾಪೆ, ನಾಲ್ಕು ಕಾಲು. ಲೆಕ್ಕ ಹೇಳುವ ಅಧಿಕಾರವನ್ನು ಮಾತ್ರ ವಿಠಲಣ್ಣ ಬಿಟ್ಟುಕೊಡಲಿಲ್ಲ. ತನ್ನ ಲೆಕ್ಕ ತಾನೇ, ಗಟ್ಟಿಯಾಗಿ.

ಈ ಲೆಕ್ಕದ ಬಗ್ಗೆ ಐಸಿನವರಲ್ಲದವರಿಗೆ ಸ್ವಲ್ಪ ವಿವರಿಸಬೇಕು. ಕಾಪುವಿನಿಂದ ಹತ್ತು ಗಡ್ಡೆ ಹೊರಟರೆ ಕಾರ್ಕಳ ಮುಟ್ಟುವಾಗ ಏಳು ಗಡ್ಡೆಯಷ್ಟು ಇರುತ್ತದೆ. ಮೂರು ಗಡ್ಡೆಯಷ್ಟು ದಾರಿಯಲ್ಲಿ ನೀರಾಗಿ ಹೋಯಿತು. ಆದರೂ ಕಳಿಸಿದವನು ಹತ್ತು ಎನ್ನುತ್ತಾನೆ, ಇಳಿಸಿಕೊಂಡವನೂ ಹತ್ತು ಎನ್ನುತ್ತಾನೆ, ಯಾರಿಗೂ ಬೇಜಾರಿಲ್ಲ. ಇದಕ್ಕೆ 'ಕರಗಿದ್ದು' ಎಂದು ಹೆಸರು. ಮೂವತ್ತು ವರ್ಷ ಈ ಲೆಕ್ಕದಲ್ಲಿ ಪಳಗಿದ ವಿಠಲಣ್ಣ ತಣ್ಣಗೆ ಯೋಚಿಸಿದರು. ಶಾರ್ಲೆಟ್ ಮೂವತ್ತು ಎಂದು ಹೇಳಿದ್ದು ಮಣಿಪಾಲದಲ್ಲಿ. ಮಣಿಪಾಲದಿಂದ ಕಾಪುವಿಗೆ ಬರುವಾಗ ಅದು ಇಪ್ಪತ್ತೊಂದು ಆಗದೆ ಹೇಗೆ ಇರುತ್ತದೆ?

ಆದ್ದರಿಂದ ದಿನಕ್ಕೆ ಮೂರು ಸಲ ಆ ಹಾಲಿನಲ್ಲಿ ಲೆಕ್ಕ ಹೀಗೆ ಕೇಳಿಬರುತ್ತಿತ್ತು: "ಹತ್ತೊಂಬತ್ತು... ಇಪ್ಪತ್ತು... ಇಪ್ಪತ್ತೊಂದು... ಮೂವತ್ತು." ಕೊನೆಯ ಎರಡರ ನಡುವೆ ಅವರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಸೀಲಿಂಗ್ ನೋಡುತ್ತ ಮನಸ್ಸಿನಲ್ಲೇ ಎಣಿಸುತ್ತಿದ್ದ ಚಂಪಕ್ಕನ ಕಾಲು ಆಗ ಇನ್ನೂ ಮೇಲೆ ಕೆಳಗೆ ಹೋಗುತ್ತಿರುತ್ತಿತ್ತು.

"ಇನ್ನೂ ಮುಗಿಯಲಿಲ್ಲವಾ? ನನ್ನದಾಯ್ತು," ಎನ್ನುತ್ತಿದ್ದರು ವಿಠಲಣ್ಣ. "ನೀನು ನಿಧಾನ ಮಾರಾಯ್ತಿ."

"ನಿಮ್ಮಷ್ಟು ವೇಗ ನನಗೆಲ್ಲಿ," ಎನ್ನುತ್ತಿದ್ದರು ಚಂಪಕ್ಕ ಏದುಸಿರು ಬಿಡುತ್ತ.

ಹೀಗೆ ಚೀಟಿಗಳು ಬದಲಾದವು. ಕಾಲೆತ್ತುವುದು ಹೋಗಿ ಮೆಟ್ಟಿಲು ಹತ್ತುವುದು ಬಂತು, ಮೆಟ್ಟಿಲು ಹೋಗಿ ಒಂಟಿಕಾಲಿನ ನಿಲುವು ಬಂತು. ಶಾರ್ಲೆಟ್ ಪ್ರತಿ ಸಲವೂ ಕಾಲನ್ನು ಅಳೆದು, "ತೊಡೆ ಇನ್ನೂ ಬರಬೇಕು ಅಂಕಲ್. ಪೂರ್ತಿ ಮಾಡ್ತಿದ್ದೀರಲ್ವಾ?" ಎಂದು ಕೇಳುವಳು. "ಒಂದೂ ಬಿಟ್ಟಿಲ್ಲ," ಎಂದು ಇವರು ಎದೆ ಉಬ್ಬಿಸುವರು. ಸುಳ್ಳು ಹೇಳುತ್ತಿದ್ದೇನೆ ಎಂದು ಅವರಿಗೆ ಒಂದು ದಿನವೂ ಅನ್ನಿಸಲಿಲ್ಲ. ಐಸಿನ ದಂಧೆಯಲ್ಲಿ ಅದು ಸತ್ಯವೇ.

ಜನವರಿ ಕೊನೆಯ ವಾರ ಪರೀಕ್ಷೆಯ ದಿನ ಬಂತು. ವಿಠಲಣ್ಣ ಹೊಸ ಟ್ರ್ಯಾಕ್ ಪ್ಯಾಂಟ್ ಹಾಕಿದ್ದರು. ಚಂಪಕ್ಕ ಮಾರಿಗುಡಿಯಲ್ಲಿ ಕೈಮುಗಿದು ಬಂದಿದ್ದರು. ಮಣಿಪಾಲದ ಆ ಕೋಣೆಯ ನಡುವೆ ಒಂದು ಮರದ ಕುರ್ಚಿ. ಎಡಗಾಲು ಗಾಳಿಯಲ್ಲಿ, ಕೈ ಎದೆಯ ಮೇಲೆ, ಬಲಗಾಲೊಂದರ ಮೇಲೆ ಏಳಬೇಕು.

ಒಂದು, ಎರಡು, ಮೂರು ಚೆನ್ನಾಗಿ ಹೋಯಿತು. ನಾಲ್ಕಕ್ಕೆ ಮುಖ ಕೆಂಪಾಯಿತು. ಐದಕ್ಕೆ ಮೊಣಕಾಲು ನಡುಗಿತು. ಏಳಕ್ಕೆ ಎದ್ದವರು ಎದ್ದ ವೇಗದಲ್ಲೇ ಕುರ್ಚಿಗೆ ಬಿದ್ದು, ಗಂಟಲು ಸರಿಮಾಡಿಕೊಂಡು, "ಹತ್ತು," ಎಂದರು.

"ಏಳು ಅಂಕಲ್," ಎಂದಳು ಶಾರ್ಲೆಟ್.

"ಏಳು ಮುಟ್ಟಿದ್ದು. ಹೊರಟದ್ದು ಹತ್ತು."

ಶಾರ್ಲೆಟ್‌ಗೆ ಅರ್ಥವಾಗಲಿಲ್ಲ. ಚಂಪಕ್ಕನಿಗೆ ಆಯಿತು. ಇಪ್ಪತ್ತೆಂಟು ವರ್ಷ ಐಸಿನ ಮನೆಯಲ್ಲಿ ಬಾಳಿದ ಹೆಂಗಸು. ಅಷ್ಟೂ ತಿಂಗಳಿನ ಆ ಗಂಟಲು ಸರಿಮಾಡಿಕೊಳ್ಳುವಿಕೆ ಅವರ ಕಿವಿಯಲ್ಲಿ ಒಟ್ಟಿಗೆ ಕೇಳಿಸಿತು.

"ಮನೆಯಲ್ಲಿಯೂ ಕರಗಿಸಿದ್ದಾ?" ಎಂದು ಮೆಲ್ಲಗೆ ಕೇಳಿದರು.

ವಿಠಲಣ್ಣ ಕಿಟಕಿ ನೋಡಿದರು.

"ಕೇಳಿ," ಎಂದರು ಚಂಪಕ್ಕ. ಅವರ ದನಿ ಏರಲಿಲ್ಲ, ಅದೇ ಹೆಚ್ಚು ಹೆದರಿಕೆಯದ್ದು. "ಆಪರೇಷನ್ ದಿನ ನಾನು ಹೊರಗೆ ಬೆಂಚಿನಲ್ಲಿ ಎರಡು ಗಂಟೆ ಕೂತಿದ್ದೆ. ಅದರಲ್ಲಿ ಒಂದು ನಿಮಿಷವೂ ಕರಗಲಿಲ್ಲ. ಈ ಮನುಷ್ಯನ ಕಾಲು ಮೊದಲಿನ ಹಾಗೆ ಆಗಲಿ ಅಂತ ನಾನು ನನ್ನ ಕಾಲನ್ನೂ ಎತ್ತಿದ್ದು. ನನ್ನ ಕಾಲಿಗೆ ಎಂತ ರೋಗ ಇತ್ತು?"

ವಿಠಲಣ್ಣನಿಗೆ ಮೊದಲ ಬಾರಿಗೆ ನಿಜವಾಗಿ ನಾಚಿಕೆಯಾಯಿತು. ನಾಚಿಕೆಯನ್ನು ತೋರಿಸಲು ತಿಳಿಯದೆ ಅವರು ಕುರ್ಚಿಯ ಮೇಲೆ ಸಿಟ್ಟು ಮಾಡಿದರು. "ಈ ಕುರ್ಚಿ ಸರಿ ಇಲ್ಲ. ತಗ್ಗಾಯ್ತು. ಇದರಲ್ಲಿ ಯಾರಿಗೂ ಹತ್ತು ಆಗ್ಲಿಕ್ಕಿಲ್ಲ."

ಚಂಪಕ್ಕ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರನ್ನು ಎಬ್ಬಿಸಿ, ಅದೇ ಕುರ್ಚಿಯಲ್ಲಿ ಕುಳಿತರು. ಬಲಗಾಲಿನಲ್ಲಿ ಹತ್ತು ಸಲ ಎದ್ದರು. ಎಡಗಾಲಿನಲ್ಲಿ ಹತ್ತು ಸಲ ಎದ್ದರು. "ಇನ್ನೂ ಮಾಡ್ಲಾ?" ಎಂದು ಕೇಳಿದರು.

ಶಾರ್ಲೆಟ್ ಹಾಳೆಯಲ್ಲಿ ಏನೋ ಬರೆದಳು. "ಆಂಟಿ ಸ್ಕೀಯಿಂಗಿಗೆ ಹೋಗ್ಬಹುದು," ಎಂದಳು. "ಅಂಕಲ್ ನೋಡ್ಲಿಕ್ಕೆ ಹೋಗ್ಬಹುದು."

ಫೆಬ್ರವರಿಯಲ್ಲಿ ಮನಾಲಿಯ ಇಳಿಜಾರಿನ ಬುಡದಲ್ಲಿ, ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಮಂಗನ ಟೋಪಿ ಹಾಕಿ, ವಿಠಲಣ್ಣ ಜಗತ್ತಿನ ಮೇಲೆ ಸಿಟ್ಟಾಗಿ ಕುಳಿತಿದ್ದರು. ಕಣ್ಣು ಹಾಯುವಷ್ಟು ದೂರ ಐಸು. ಒಂದು ಮೀನಿಗೂ ಪ್ರಯೋಜನವಿಲ್ಲದ ಐಸು. ಮೇಲೆ, ತೆಂಗಿನಮರದ ಎರಡರಷ್ಟು ಎತ್ತರದಲ್ಲಿ, ಚಂಪಕ್ಕ ಹಲಗೆ ಕಟ್ಟಿಸಿಕೊಂಡು ಕಲಿಸುವವನ ಮಾತು ಕೇಳುತ್ತಿದ್ದರು. ಪಕ್ಕದ ಕುರ್ಚಿಯಲ್ಲಿ ಧರ್ಮಪಾಲರು ಜೋಳ ತಿನ್ನುತ್ತಿದ್ದರು.

"ನೀವು ಹೋಗಿ ಭಾವ," ಎಂದರು ವಿಠಲಣ್ಣ ಕಹಿಯಾಗಿ. "ಒಮ್ಮೆ ಇಳಿದು ತೋರಿಸಿ."

"ನನಗೆ ಮೊಣಕಾಲು ಆಗ್ಲಿಕ್ಕಿಲ್ಲ ಭಾವ. ಹತ್ತು ವರ್ಷ ಆಯ್ತು ನೋವು ಶುರುವಾಗಿ."

ವಿಠಲಣ್ಣ ಹತ್ತರಿಂದ ಏಳು ಕಳೆದು ನೋಡಿದರು. "ಹಾಗಾದ್ರೆ ಆ ಫೋಟೋ?"

"ನಿಂತದ್ದು. ಎರಡೂ ಕಡೆ ಇಬ್ಬರು ಹಿಡಿದಿದ್ರು. ಅವರನ್ನು ಕಾರ್ಕಳದಲ್ಲಿ ಕತ್ತರಿಸಿ ತೆಗೆಸಿದ್ದು."

"ಇಳಿಯಲಿಲ್ಲವಾ?"

"ಇಳಿದೆ ಅಂತ ನಾನು ಯಾವಾಗ ಹೇಳಿದ್ದು? ಸ್ಕೀಯಿಂಗ್ ಮಾಡಿದ್ರಾ ಅಂತ ನೀವೆಲ್ಲ ಕೇಳುತ್ತಿದ್ರಿ, ನಾನು ಚಹಾ ತರ್ಲಿಕ್ಕೆ ಒಳಗೆ ಹೋಗುತ್ತಿದ್ದೆ."

ವಿಠಲಣ್ಣ ಕೆಂಡಾಮಂಡಲವಾದರು. ಈ ಎರಡು ಬಾಡಿಗೆ ಹಲಗೆಯ ಫೋಟೋಕ್ಕಾಗಿ ತನ್ನ ಕಾಲು ಹರಿಯಿತು, ಬೊಬ್ಬೆ ಎದ್ದಿತು, ಬೆಕ್ಕು ನೆಕ್ಕಿತು! ಮೋಸವೆಂದರೆ ಮೋಸ. ಅವರು ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಮನೆಯ ಗೋಡೆಯ ಖಾಲಿ ಮೊಳೆ ಕಣ್ಣಮುಂದೆ ಬಂತು.

"ಹಿಡಿಯುವ ಆ ಇಬ್ಬರು," ಎಂದು ದನಿ ತಗ್ಗಿಸಿ ಕೇಳಿದರು, "ಈಗಲೂ ಸಿಗ್ತಾರಾ?"

ಸಿಕ್ಕಿದರು. ಫೋಟೋದವನೂ ಸಿಕ್ಕಿದ, ಕೇಸರಿ ಅಂಗಿಯೂ ಸಿಕ್ಕಿತು. ವಿಠಲಣ್ಣ ಕುರ್ಚಿಯಲ್ಲೇ ಕುಳಿತು ಎಡಗಾಲಿಗೆ ಬೂಟು ಹಾಕಿಸಿಕೊಂಡರು. ಬಲಗಾಲಿನ ಬೂಟು ಅರ್ಧ ಏರಿದಾಗ ಮೇಲಿಂದ ಒಂದು ಕೂಗು ಕೇಳಿಸಿತು. ಚಂಪಕ್ಕ ಇಳಿಯುತ್ತಿದ್ದರು. ಮೊಣಕಾಲು ಮಡಚಿ, ಬೆನ್ನು ಬಾಗಿಸಿ, ಅಲುಗದೆ. ಶಾರ್ಲೆಟ್ ಕಲಿಸಿದ ಒಂದೊಂದು ಬಾಗುವಿಕೆಯೂ ಹೇಳಿದಲ್ಲಿ ಹೇಳಿದಷ್ಟೇ ಇತ್ತು. ವಿಠಲಣ್ಣ ಬೂಟು ಮರೆತು ನೋಡಿದರು. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಈ ಹೆಂಗಸು ತನ್ನ ಪಕ್ಕದ ಚಾಪೆಯಲ್ಲಿ ಮಲಗಿದ್ದವಳೇ ಎಂದು ಎದೆ ತುಂಬಿ ಬಂತು.

ನಿಲ್ಲುವುದು ಹೇಗೆಂಬುದು ಮಾತ್ರ ಯಾವ ಚೀಟಿಯಲ್ಲಿಯೂ ಇರಲಿಲ್ಲ. ಚಂಪಕ್ಕ ನೇರ ಬಂದು, ಗಂಡನ ಭುಜ ಹಿಡಿದು, ತಾವು ನಿಂತರು. ಗಂಡ ಕುರ್ಚಿ ಸಮೇತ ಅರ್ಧ ವಾಲಿದರು. ಫೋಟೋದವನು ಅದೇ ಹೊತ್ತಿಗೆ ಬಟನ್ ಒತ್ತಿದ.

ಆ ಫೋಟೋ ಈಗ ಕಾಪುವಿನ ಮನೆಯ ಹಾಲಿನ ನಟ್ಟನಡುವೆ, ಅದೇ ಮೊಳೆಯಲ್ಲಿ ತೂಗುತ್ತಿದೆ. ಕುಕ್ಕುಂದೂರಿನದ್ದಕ್ಕಿಂತ ಸರಿಯಾಗಿ ಒಂದು ಗೇಣು ದೊಡ್ಡದು. ನಡುವೆ ಚಂಪಕ್ಕ ಹಲಗೆಯ ಮೇಲೆ ಸೆಟೆದು ನಿಂತಿದ್ದಾರೆ. ಮೂಲೆಯಲ್ಲಿ ಮಂಗನ ಟೋಪಿ ಹಾಕಿದ, ಒಂದು ಕಾಲಿಗೆ ಇಡೀ ಬೂಟು ಒಂದು ಕಾಲಿಗೆ ಅರ್ಧ ಬೂಟು ಇರುವ ವ್ಯಕ್ತಿಯೊಬ್ಬರು ಕುರ್ಚಿಯಿಂದ ಬೀಳುತ್ತಿದ್ದಾರೆ. ಸ್ಟುಡಿಯೋದವರು ಮೂಲೆಯನ್ನು ಕತ್ತರಿಸಲೇ ಎಂದು ಕೇಳಿದಾಗ ಬೇಡವೆಂದವರು ಚಂಪಕ್ಕ.

ಮೊನ್ನೆ ಕೆಮ್ಮಣ್ಣಿನಿಂದ ಬಂದ ನೆಂಟರು ಚಹಾ ಹಿಡಿದು ಆ ಫೋಟೋದ ಮುಂದೆ ನಿಂತರು. ಧರ್ಮಪಾಲರ ಸುದ್ದಿ ಅಷ್ಟರೊಳಗೆ ಊರೆಲ್ಲ ಹರಡಿತ್ತು, ಹಾಗಾಗಿ ಸಂಶಯ.

"ನಿಜವಾಗಿ ಇಳಿದದ್ದಾ, ಅಲ್ಲ ನಿಂತದ್ದಾ?"

"ಇಳಿದದ್ದು," ಎಂದರು ಚಂಪಕ್ಕ. "ಅರುವತ್ತು ಮೀಟರ್."

ನೆಂಟರು ನಂಬದೆ ವಿಠಲಣ್ಣನ ಕಡೆ ತಿರುಗಿದರು. ವಿಠಲಣ್ಣ ಆಗ ಚಾಪೆಯ ಮೇಲಿದ್ದರು. ಲೆಕ್ಕ ಹೇಳುವ ಅಧಿಕಾರ ಈಗ ಚಂಪಕ್ಕನದ್ದು, ಅವರು ಇಪ್ಪತ್ತಾರರಲ್ಲಿ ನಿಲ್ಲಿಸಿದ್ದರಿಂದ ಇವರ ಕಾಲೂ ಇಪ್ಪತ್ತಾರರಲ್ಲಿ ಮೇಲೆ ನಿಂತಿತ್ತು.

"ಅರುವತ್ತು ಅಂದರೆ ಅರುವತ್ತೇ," ಎಂದರು ಅವರು ಮಲಗಿದಲ್ಲಿಂದ. "ಕಣ್ಣಾರೆ ಕಂಡಿದ್ದೇನೆ. ಅದರಲ್ಲಿ ಏನೂ ಕಳೆಯಬೇಡಿ."

"ಹಾಗಾದ್ರೆ ಈ ಮೂಲೆಯಲ್ಲಿ ಬೀಳುತ್ತಿರುವುದು ಯಾರು?"

ಚಂಪಕ್ಕ ಬಾಯಿ ತೆರೆಯುವ ಮೊದಲೇ ವಿಠಲಣ್ಣ ಗಂಟಲು ಸರಿಮಾಡಿಕೊಂಡರು.

"ಅದಾ?" ಎಂದರು. "ಅದು ಕರಗಿದ್ದು."